ಮೂಗಿನ ಔಷಧಿ ಮನಸ್ಸಿಗೆ ಬಂದ ಕಥೆ

ನೀವು ಮೆಟ್ರೋದಲ್ಲಿ ನಿಂತಿದ್ದೀರೋ, ಮನೇಲಿ ಪಾತ್ರೆ ತೊಳೀತಾ ಕೇಳ್ತಿದ್ದೀರೋ ಗೊತ್ತಿಲ್ಲ. ಇವತ್ತಿನ ಕಥೆ ಒಂದು ಸೀನಿನಿಂದ ಶುರು ಆಗುತ್ತೆ.

ನಮ್ಮಕ್ಕನ ಮಗನಿಗೆ 9 ವರ್ಷ. ಅವನಿಗೆ ಎಡಿಎಚ್‌ಡಿ ಇದೆ, ಅಂದ್ರೆ ಗಮನ ಒಂದೇ ಕಡೆ ನಿಲ್ಲೋದು ಕಷ್ಟ, ಕೈಕಾಲು ಸುಮ್ಮನೆ ಇರೋದು ಇನ್ನೂ ಕಷ್ಟ. ಡಾಕ್ಟರ್ ಔಷಧಿ ಕೊಟ್ಟಿದ್ದಾರೆ, ವರ್ಷದ ಬಹುಪಾಲು ದಿನ ಅದು ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಸತತ ಎರಡು ವರ್ಷ, ಮಳೆಗಾಲ ಹಿಡಿದ ಕೆಲವೇ ವಾರಕ್ಕೆ ಶಾಲೆಯಿಂದ ಚೀಟಿ ಬಂತು: ಹುಡುಗ ಮತ್ತೆ ಮೊದಲಿನ ಹಾಗೇ ಆಗಿದ್ದಾನೆ, ಮಾತ್ರೆ ಸಾಲ್ತಿಲ್ಲ ಅನ್ಸುತ್ತೆ. ಮನೇಲಿ ದೊಡ್ಡ ಚರ್ಚೆ. ಮಾತ್ರೆ ಜಾಸ್ತಿ ಮಾಡಬೇಕಾ? ನಿಲ್ಲಿಸಬೇಕಾ? ಅಷ್ಟು ದಿನವೂ ಆ ಹುಡುಗ ಮೂಗು ಉಜ್ಜುತ್ತಾ, ರಾತ್ರಿ ಬಾಯಿ ತೆರೆದು ಮಲಗ್ತಾ ಇದ್ದ. ಅದನ್ನ ಯಾರೂ ಲೆಕ್ಕಕ್ಕೇ ತಗೊಂಡಿರಲಿಲ್ಲ.

ಮೂಗಿಗೂ ಮನಸ್ಸಿಗೂ ಏನು ಸಂಬಂಧ? ಇತಿಹಾಸ ನೋಡಿದ್ರೆ ಆಶ್ಚರ್ಯ ಆಗುತ್ತೆ. ಈ ಎರಡು ಕಥೆಗಳು ಸುಮಾರು ನೂರು ವರ್ಷದಿಂದ ಒಂದರ ಕಾಲಿಗೆ ಒಂದು ಎಡವುತ್ತಲೇ ಬಂದಿವೆ.

ಮೊದಲು ಮೂಗಿನ ಕಥೆ. 1819ರ ಮಾರ್ಚ್ 16. ಲಂಡನ್ನಿನ ವೈದ್ಯರ ಸಭೆಯೊಂದರಲ್ಲಿ ಜಾನ್ ಬೋಸ್ಟಾಕ್ ಎಂಬ ವೈದ್ಯ ಒಬ್ಬ ರೋಗಿಯ ವಿವರ ಓದಿದ. ಪ್ರತಿವರ್ಷ ಜೂನ್ ಬಂದರೆ ಕಣ್ಣು ಕೆಂಪಾಗುತ್ತೆ, ಮೂಗು ಸೋರುತ್ತೆ, ಎದೆ ಬಿಗಿಯುತ್ತೆ. ಜೊತೆಗೆ ಮೈಯೆಲ್ಲ ಸುಸ್ತು, ರಾತ್ರಿ ನಿದ್ದೆ ಸರಿಯಿಲ್ಲ. ಆ ರೋಗಿ ಯಾರು ಗೊತ್ತಾ? ಸ್ವತಃ ಬೋಸ್ಟಾಕ್. ಎಂಟನೇ ವಯಸ್ಸಿನಿಂದಲೂ ಅವನಿಗೆ ಈ ಕಾಟ ಇತ್ತು. ಅವನ ಅನುಮಾನ ಬೇಸಿಗೆಯ ಬಿಸಿಲಿನ ಮೇಲೆ. ನಿಜವಾದ ಅಪರಾಧಿಯನ್ನು ಹಿಡಿದದ್ದು ಮ್ಯಾಂಚೆಸ್ಟರಿನ ಚಾರ್ಲ್ಸ್ ಬ್ಲ್ಯಾಕ್ಲಿ. ಆತ ಹುಲ್ಲಿನ ಪರಾಗವನ್ನು ತನ್ನ ಮೂಗಿಗೇ ಹಾಕಿಕೊಂಡು ಪರೀಕ್ಷೆ ಮಾಡಿದ, ಗಾಳಿಪಟಕ್ಕೆ ಅಂಟು ಹಚ್ಚಿದ ಗಾಜು ಕಟ್ಟಿ ಮೇಲಿನ ಗಾಳಿಯಲ್ಲೂ ಪರಾಗ ಇದೆ ಎಂದು ತೋರಿಸಿದ. 1873ರಲ್ಲಿ ಪುಸ್ತಕ ಬರೆದ. ‘ಅಲರ್ಜಿ’ ಅನ್ನೋ ಪದ ಹುಟ್ಟಿದ್ದು ಅದಕ್ಕೂ ಆಮೇಲೆ, 1906ರಲ್ಲಿ. ಅದನ್ನು ಕಟ್ಟಿದವನು ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ.

ಈಗ ಮನಸ್ಸಿನ ಕಥೆ. 1902ರಲ್ಲಿ ಅದೇ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯ 43 ಮಕ್ಕಳ ಬಗ್ಗೆ ಉಪನ್ಯಾಸ ಕೊಟ್ಟ. ಇವರಲ್ಲಿ ಹಲವರ ಬುದ್ಧಿಗೆ ಏನೂ ಕಮ್ಮಿ ಇಲ್ಲ, ಆದರೂ ಗಮನ ನಿಲ್ಲಲ್ಲ, ಆವೇಶ ತಡೆಯೋಕೆ ಆಗಲ್ಲ. ಸ್ಟಿಲ್ ಇದನ್ನು ನೈತಿಕ ನಿಯಂತ್ರಣದ ಕೊರತೆ ಎಂದ. ಆ ಪದ ಇವತ್ತು ಕಿವಿಗೆ ಕೆಟ್ಟದಾಗಿ ಕೇಳಿಸುತ್ತೆ ನಿಜ. ಆದ್ರೆ ಇದು ಬೆಳೆಸಿದ ರೀತಿಯ ತಪ್ಪಲ್ಲ, ಮಗುವಿನ ದೇಹದಲ್ಲೇ ಏನೋ ಇರಬಹುದು ಅಂತ ಆ ಕಾಲದಲ್ಲಿ ಹೇಳಿದ್ದು ಸಣ್ಣ ಮಾತಲ್ಲ.

ಎರಡೂ ಕಥೆಗಳು ಮೊದಲ ಬಾರಿ ಡಿಕ್ಕಿ ಹೊಡೆದದ್ದು ಅಮೆರಿಕದಲ್ಲಿ, ಅದೂ ಒಂದು ಅಲರ್ಜಿ ಕ್ಲಿನಿಕ್ಕಿನ ಪ್ರಯೋಗಾಲಯದಿಂದ. 1920ರ ದಶಕದ ಕೊನೆ. ಲಾಸ್ ಏಂಜಲೀಸ್‌ನಲ್ಲಿ ಗಾರ್ಡನ್ ಆಲೆಸ್ ಎಂಬ ರಸಾಯನ ವಿಜ್ಞಾನಿ ಒಬ್ಬ ಅಲರ್ಜಿ ತಜ್ಞರ ಜೊತೆ ಕೆಲಸ ಮಾಡ್ತಿದ್ದ. ಆಸ್ತಮಾ, ಕಟ್ಟಿದ ಮೂಗು ಇವಕ್ಕೆ ಆಗ ಎಫೆಡ್ರಿನ್ ಕೊಡ್ತಿದ್ರು. ಅದಕ್ಕಿಂತ ಅಗ್ಗದ ಬದಲಿ ಔಷಧಿ ಹುಡುಕೋದು ಅವನ ಕೆಲಸ. 1929ರ ಜೂನ್‌ನಲ್ಲಿ ತಾನು ತಯಾರಿಸಿದ ಒಂದು ಪದಾರ್ಥವನ್ನು ತನಗೇ ಚುಚ್ಚಿಸಿಕೊಂಡ. ಮೂಗು ಬಿಡ್ತು. ಮನಸ್ಸೂ ಹಗುರ ಆಯ್ತು. ಆ ಪದಾರ್ಥವೇ ಆಂಫೆಟಮಿನ್.

1930ರ ದಶಕದ ಆರಂಭದಲ್ಲಿ ಅದು ‘ಬೆಂಜೆಡ್ರಿನ್’ ಹೆಸರಿನಲ್ಲಿ ಅಂಗಡಿಗೆ ಬಂತು. ಯಾವುದಕ್ಕೆ? ಕಟ್ಟಿದ ಮೂಗಿಗೆ, ಮೂಸಿ ನೋಡೋ ಇನ್‌ಹೇಲರ್ ಆಗಿ. ಆಮೇಲೆ ಮಾತ್ರೆಯೂ ಬಂತು. 1937ರಲ್ಲಿ ರೋಡ್ ಐಲೆಂಡ್‌ನ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯ, ವರ್ತನೆಯ ಸಮಸ್ಯೆ ಇದ್ದ 30 ಮಕ್ಕಳಿಗೆ ಅದೇ ಬೆಂಜೆಡ್ರಿನ್ ಕೊಟ್ಟು ನೋಡಿದ. ಅರ್ಧದಷ್ಟು ಮಕ್ಕಳು ಇದ್ದಕ್ಕಿದ್ದಂತೆ ಕೂತು ಪಾಠ ಕಲಿಯತೊಡಗಿದರು. ಮಕ್ಕಳೇ ಅದಕ್ಕೆ ಲೆಕ್ಕದ ಮಾತ್ರೆ ಅಂತ ಹೆಸರಿಟ್ಟರು. ಎಡಿಎಚ್‌ಡಿಗೆ ಇವತ್ತು ಕೊಡುವ ಉತ್ತೇಜಕ ಔಷಧಿಗಳ ವಂಶವೃಕ್ಷದ ಬೇರು ಇರೋದು ಒಂದು ಕಟ್ಟಿದ ಮೂಗಿನಲ್ಲಿ. ತಮಾಷೆ ಅಲ್ವಾ?

ಇದರ ಉಲ್ಟಾ ಕಥೆಯೂ ಇದೆ. 1940ರ ದಶಕದಲ್ಲಿ ಅಲರ್ಜಿಗೆ ಹೊಸ ಔಷಧಿಗಳು ಬಂದವು: ಆಂಟಿಹಿಸ್ಟಮಿನ್. ಅಮೆರಿಕದಲ್ಲಿ ಡೈಫೆನ್‌ಹೈಡ್ರಮಿನ್ 1946ರಲ್ಲಿ ಮಾರುಕಟ್ಟೆಗೆ ಬಂತು. ಸೀನು ನಿಲ್ಲುತ್ತೆ, ಆದ್ರೆ ನಿದ್ದೆ ಎಳೆಯುತ್ತೆ. ಯಾಕೆ? ಹಿಸ್ಟಮಿನ್ ಮೂಗಿನಲ್ಲಿ ಕಡಿತ ತರುವ ರಾಸಾಯನಿಕ ಮಾತ್ರ ಅಲ್ಲ, ಮಿದುಳಿನಲ್ಲಿ ನಮ್ಮನ್ನ ಎಚ್ಚರ ಇಡೋದೂ ಅದೇ. ಹಳೆ ಔಷಧಿಗಳು ಮಿದುಳಿಗೂ ನುಗ್ಗಿ ಆ ಎಚ್ಚರವನ್ನ ಮಂಕು ಮಾಡುತ್ತವೆ. ನಮ್ಮ ಮನೆಗಳ ನೆಗಡಿ ಸಿರಪ್‌ನಲ್ಲಿ ಈಗಲೂ ಇರುವ ಕ್ಲೋರ್‌ಫೆನಿರಮಿನ್ ಕೂಡ ಅದೇ ಗುಂಪಿನದು.

ವೈದ್ಯರಿಗೆ ಅನುಮಾನ ಬಂದಿತ್ತು. 1947ರಲ್ಲಿ ಥೆರಾನ್ ರ್‍ಯಾಂಡಾಲ್ಫ್ ಎಂಬ ಅಲರ್ಜಿ ತಜ್ಞ, ಮಕ್ಕಳ ಸುಸ್ತು, ಸಿಡುಕು, ವರ್ತನೆಯ ತೊಂದರೆಗೆ ಅಲರ್ಜಿ ಕಾರಣ ಇರಬಹುದು ಅಂತ ಬರೆದ. ಆದರೆ ಚರ್ಚೆ ಬೇಗ ಬೇರೆ ದಾರಿ ಹಿಡೀತು. 1975ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಬೆಂಜಮಿನ್ ಫೈನ್‌ಗೋಲ್ಡ್, ಅವನೂ ಅಲರ್ಜಿ ತಜ್ಞನೇ, ಮಕ್ಕಳ ಚಂಚಲತೆಗೆ ಆಹಾರದ ಕೃತಕ ಬಣ್ಣ, ರುಚಿಕಾರಕಗಳೇ ಕಾರಣ ಎಂದು ಪುಸ್ತಕ ಬರೆದ. ಅಪ್ಪ ಅಮ್ಮಂದಿರು ಅಡುಗೆಮನೆಯ ಡಬ್ಬಿಗಳನ್ನೆಲ್ಲ ತಡಕಾಡಿದರು. ಕಟ್ಟುನಿಟ್ಟಿನ ಪ್ರಯೋಗಗಳಲ್ಲಿ ಆ ವಾದ ಅಷ್ಟು ಬಲವಾಗಿ ನಿಲ್ಲಲಿಲ್ಲ. ಬಣ್ಣಗಳಿಂದ ಕೆಲವು ಮಕ್ಕಳಿಗೆ ಸ್ವಲ್ಪ ತೊಂದರೆ ಆಗುತ್ತೆ, ಎಲ್ಲರ ಸಮಸ್ಯೆಗೂ ಅದು ಉತ್ತರ ಅಲ್ಲ ಅನ್ನೋದು ಇವತ್ತಿನ ತಿಳಿವಳಿಕೆ. ತಟ್ಟೆ ನೋಡುವ ಗಲಾಟೆಯಲ್ಲಿ ಮೂಗು ನೋಡೋದು ಮರೆತೇ ಹೋಯ್ತು.

ಮತ್ತೆ ಮೂಗಿನ ಕಡೆ ನೋಡಿದ್ದು 1993ರಲ್ಲಿ. ನೆದರ್ಲೆಂಡ್ಸ್‌ನ ಸಂಶೋಧಕರು 10ರಿಂದ 12 ವರ್ಷದ ಮಕ್ಕಳನ್ನು ಪರೀಕ್ಷಿಸಿದರು. ಪರಾಗದ ಅಲರ್ಜಿ ಇದ್ದು ನಿಜವಾದ ಔಷಧಿ ಸಿಗದ ಮಕ್ಕಳು, ಅಲರ್ಜಿ ಇಲ್ಲದವರಿಗಿಂತ ಕಡಿಮೆ ಕಲಿತರು. ನಿದ್ದೆ ತರಿಸುವ ಹಳೆ ಔಷಧಿ ತಗೊಂಡವರ ಕಲಿಕೆ ಇನ್ನೂ ಕುಸಿಯಿತು. ಹೊಸ ತಲೆಮಾರಿನ ಔಷಧಿ ಸ್ವಲ್ಪ ಕೈ ಹಿಡಿಯಿತು. 2007ರಲ್ಲಿ ಬ್ರಿಟನ್ನಿನಲ್ಲಿ 1,834 ವಿದ್ಯಾರ್ಥಿಗಳ ಅಧ್ಯಯನ ಬಂತು. ಅಲ್ಲಿ ಅಣಕು ಪರೀಕ್ಷೆ ಚಳಿಗಾಲದಲ್ಲಿ, ನಿಜವಾದ ಪರೀಕ್ಷೆ ಬೇಸಿಗೆಯಲ್ಲಿ, ಅಂದ್ರೆ ಹುಲ್ಲಿನ ಪರಾಗದ ಕಾಲದಲ್ಲಿ. ಪರೀಕ್ಷೆ ವೇಳೆ ಅಲರ್ಜಿಯ ಲಕ್ಷಣ ಇದ್ದವರ ಗ್ರೇಡ್ ಇಳಿಯುವ ಸಾಧ್ಯತೆ ಶೇ 40ರಷ್ಟು ಹೆಚ್ಚು. ನಿದ್ದೆ ತರಿಸುವ ಔಷಧಿ ತಗೊಂಡಿದ್ರೆ ಶೇ 70ರಷ್ಟು.

ಗಮನಿಸಿ, ಇವರು ಎಡಿಎಚ್‌ಡಿ ಅಂತ ಆರಿಸಿದ ಮಕ್ಕಳಲ್ಲ, ಸಾಮಾನ್ಯ ಮಕ್ಕಳು. ಹಾಗಾದ್ರೆ ಮೊದಲೇ ಗಮನಕ್ಕಾಗಿ ಒದ್ದಾಡುವ ಮಗುವಿನ ಗತಿ ಏನು? ಮೂಗು ಕಟ್ಟಿದ್ರೆ ರಾತ್ರಿ ನಿದ್ದೆ ತುಂಡು ತುಂಡಾಗುತ್ತೆ. ದೊಡ್ಡವರು ನಿದ್ದೆಗೆಟ್ಟರೆ ತೂಕಡಿಸ್ತಾರೆ, ಮಕ್ಕಳು ಎಷ್ಟೋ ಸಲ ಇನ್ನಷ್ಟು ಚಡಪಡಿಸ್ತಾರೆ, ಸಿಡುಕ್ತಾರೆ. ಹೊರಗಿನಿಂದ ನೋಡಿದ್ರೆ ಎರಡೂ ಒಂದೇ ಥರ. ಅಲರ್ಜಿ ಇರುವ ಮಕ್ಕಳಲ್ಲಿ ಎಡಿಎಚ್‌ಡಿ ತುಸು ಹೆಚ್ಚು ಕಾಣಿಸುತ್ತೆ ಅಂತ ಹಲವು ದೊಡ್ಡ ಅಧ್ಯಯನಗಳು ಹೇಳಿವೆ. ಆದರೆ ಜೊತೆಗೆ ಇರೋದು ಬೇರೆ, ಒಂದರಿಂದ ಇನ್ನೊಂದು ಬರೋದು ಬೇರೆ. ಪರಾಗದಿಂದ ಎಡಿಎಚ್‌ಡಿ ಬರುತ್ತೆ ಅಂತ ಯಾರಾದ್ರೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ರೆ ನಂಬಬೇಡಿ.

ಇದೆಲ್ಲ ಹೊರದೇಶದ ಮಾತಾಯ್ತು ಅಂತೀರಾ? ನಮ್ಮ ಖಾಲಿ ಸೈಟುಗಳಲ್ಲಿ ಬಿಳಿ ಹೂ ಬಿಡುವ ಕಾಂಗ್ರೆಸ್ ಗಿಡ ನೋಡಿರ್ತೀರಿ, ಅದರ ಹೆಸರು ಪಾರ್ಥೇನಿಯಂ. ಅಮೆರಿಕ ಖಂಡದ ಈ ಗಿಡ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು, ಆಮೇಲೆ ದೇಶವೆಲ್ಲ ಹಬ್ಬಿತು. 1984ರಲ್ಲಿ ಅದನ್ನು ತಿನ್ನಲೆಂದು ಮೆಕ್ಸಿಕೋದ ಜೀರುಂಡೆಯನ್ನು ತಂದು ಬೆಂಗಳೂರಿನಲ್ಲಿ ಬಿಟ್ಟರು. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನದಲ್ಲಿ, ಮೂಗಿನ ಅಲರ್ಜಿಯ ರೋಗಿಗಳಲ್ಲಿ ಶೇ 34ರಷ್ಟು ಜನರ ಚರ್ಮ ಈ ಪರಾಗಕ್ಕೆ ಪ್ರತಿಕ್ರಿಯಿಸಿತು. ಮಳೆ ಬಿದ್ದರೆ ಗಿಡ ಚಿಗುರುತ್ತೆ, ಹೂ ಬಿಡುತ್ತೆ. ನಮ್ಮ ಶಾಲೆಗಳು ಶುರುವಾಗೋದೂ ಮಳೆಗಾಲದ ಹೊಸ್ತಿಲಲ್ಲೇ.

ನಮ್ಮ ಹುಡುಗನ ಕಥೆಗೆ ವಾಪಸ್ ಬರೋಣ. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಎರಡು ಗುರುತು ಹಾಕೋಕೆ ಶುರು ಮಾಡಿದಳು: ಮೂಗು ಕಟ್ಟಿದ ದಿನಕ್ಕೆ ಒಂದು ಚುಕ್ಕೆ, ಶಾಲೆಯಿಂದ ದೂರು ಬಂದ ದಿನಕ್ಕೆ ಒಂದು ಗೀಟು. ಮೂರು ತಿಂಗಳಲ್ಲಿ ಚುಕ್ಕೆ ಇದ್ದ ಕಡೆಯೇ ಗೀಟು ಕೂತಿತ್ತು. ಅದೇ ಕ್ಯಾಲೆಂಡರ್ ತಗೊಂಡು ಡಾಕ್ಟರ್ ಹತ್ರ ಹೋದಳು. ಅಂಗಡಿಯಿಂದ ತಂದು ಕೊಡ್ತಿದ್ದ ನಿದ್ದೆ ಬರಿಸೋ ಸಿರಪ್ ನಿಂತಿತು, ಮೂಗಿಗೆ ಸರಿಯಾದ ಚಿಕಿತ್ಸೆ ಬಂತು. ಎಡಿಎಚ್‌ಡಿ ಮಾತ್ರೆ ಹೆಚ್ಚಾಗಲೂ ಇಲ್ಲ, ನಿಲ್ಲಲೂ ಇಲ್ಲ. ಎಡಿಎಚ್‌ಡಿ ಹೋಯ್ತಾ? ಇಲ್ಲ. ಆದ್ರೆ ಈ ಮಳೆಗಾಲ ಚೀಟಿ ಒಂದೇ ಬಂತು.

ಔಷಧಿ ಬದಲಿಸೋದು ಡಾಕ್ಟರ್ ಕೆಲಸ, ನೀವಾಗೇ ಯಾವುದನ್ನೂ ನಿಲ್ಲಿಸಬೇಡಿ. ಅಲರ್ಜಿ ಔಷಧಿಗಳಲ್ಲೂ ಎಚ್ಚರ ಬೇಕು: ಮಾಂಟೆಲುಕಾಸ್ಟ್ ಎಂಬ ಮಾತ್ರೆಯಿಂದ ಕೆಲವರ ಮನಸ್ಥಿತಿ, ವರ್ತನೆ ಬದಲಾಗಬಹುದು ಅಂತ ಅಮೆರಿಕದ ಔಷಧ ನಿಯಂತ್ರಕರು 2020ರಲ್ಲಿ ತಮ್ಮ ಅತ್ಯಂತ ಗಂಭೀರ ಎಚ್ಚರಿಕೆಯನ್ನೇ ಕೊಟ್ಟಿದ್ದಾರೆ.

ಎಂಟು ವರ್ಷದ ಬೋಸ್ಟಾಕ್‌ಗೆ ತನಗೇನಾಗ್ತಿದೆ ಅಂತ ಹೇಳೋಕೆ ಗೊತ್ತಿರಲಿಲ್ಲ. ಅದನ್ನು ಬರೆದಾಗ ಅವನಿಗೆ 46. ನಿಮ್ಮನೆಯಲ್ಲೋ, ಪಕ್ಕದ ಮನೆಯಲ್ಲೋ, ನಿಮ್ಮ ತಮ್ಮ ತಂಗಿಯರಲ್ಲೋ ಅಂಥ ಮಗು ಇದ್ರೆ ಅಷ್ಟು ವರ್ಷ ಕಾಯಿಸಬೇಡಿ. ‘ಯಾಕೋ ಸುಮ್ನೆ ಕೂರಲ್ಲ’ ಅಂತ ಬೈಯೋ ಮೊದಲು, ‘ರಾತ್ರಿ ಉಸಿರಾಡೋಕೆ ಆಯ್ತಾ ಪುಟ್ಟ?’ ಅಂತ ಒಂದ್ಸಲ ಕೇಳಿ.