ಇಸಿಲದ ಶಿಲೆಯೂ ಹಳ್ಳಿಯ ಇಸ್ಕೂಲೂ

ಮೊಳಕಾಲ್ಮುರು ಸೀಮೆಯ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಿಲಾಶಾಸನಗಳಿರುವುದು ವಾಚಕರಿಗೆ ವಿದಿತವಾದುದೇ. ಬಿ. ಎಲ್. ರೈಸರು 1892ರಲ್ಲಿ ಅವನ್ನು ಬೆಳಕಿಗೆ ತಂದರು. ಧರ್ಮಬೋಧೆಗಾಗಿ ಪ್ರಸಿದ್ಧವಾದ ಈ ಶಾಸನಗಳು, ದೀರ್ಘಶಬ್ದಗಳು ಜನರ ನಾಲಗೆಯಲ್ಲಿ ಹೇಗೆ ಮಾರ್ಪಡುವುವೆಂಬುದಕ್ಕೂ ಸಾಕ್ಷಿಯಾಗಿವೆ.

ಬ್ರಹ್ಮಗಿರಿಯ ಶಾಸನವು ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ರಾಜಾಜ್ಞೆ. ಅದರಲ್ಲಿ ಸುವರ್ಣವು ‘ಸುವಂಣ’ವಾಗಿದೆ, ಆರ್ಯಪುತ್ರನು ‘ಅಯಪುತ’ನಾಗಿದ್ದಾನೆ, ಮೂರಕ್ಷರದ ಆರೋಗ್ಯವು ಸಂಯುಕ್ತಾಕ್ಷರವನ್ನು ಬಿಡಿಸಿಕೊಂಡು ನಾಲ್ಕಕ್ಷರದ ‘ಆರೋಗಿಯ’ವಾಗಿದೆ. ಇದನ್ನು ಬರೆದ ಲಿಪಿಕಾರ ಚಪಡನು ಅವಿದ್ಯಾವಂತನಲ್ಲ. ಬ್ರಾಹ್ಮಿಯಲ್ಲಿ ಶಾಸನವನ್ನು ಬರೆದು, ತನ್ನ ವೃತ್ತಿಯ ಹೆಸರನ್ನು ಮಾತ್ರ ದೂರದ ವಾಯವ್ಯದೇಶದ ಖರೋಷ್ಠಿಯಲ್ಲಿ ಬರೆದವನು. ಆದುದರಿಂದ ಇವು ಬರಹದ ತಪ್ಪುಗಳಲ್ಲ, ಆಡುನುಡಿಯ ನಿಯಮಗಳು. ಕನ್ನಡದಲ್ಲಿ ವರ್ಣವು ಬಣ್ಣವಾದುದೂ ಇದೇ ಹಾದಿಯಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂತಹ ರೂಪಗಳಿಗೆ ಅಪಭ್ರಂಶ ಪ್ರಕರಣವನ್ನೇ ಮೀಸಲಿಟ್ಟನು.

ಇಂಗ್ಲಿಷಿನ ದೀರ್ಘನಾಮಗಳ ಬಾಳು ಬೇರೆ ಬಗೆಯದು. ಅಲ್ಲಿ ಪ್ರತ್ಯಯವು ಸೇರಿದೊಡನೆ ಸ್ವರಾಘಾತವು ಸ್ಥಳಾಂತರ ಹೊಂದುವುದುಂಟು. ಫೋಟೋಗ್ರಾಫಿನಲ್ಲಿ ಮೊದಲನೆಯ ಅಕ್ಷರದ ಮೇಲಿದ್ದ ಆಘಾತವು ಫೋಟಾಗ್ರಫಿಯಲ್ಲಿ ಎರಡನೆಯದಕ್ಕೆ ಸರಿಯುವುದು. ಅಡ್ಮಿನಿಸ್ಟ್ರೇಷನ್ ಎಂಬಲ್ಲಿ ಮುಖ್ಯಾಘಾತವು ಕಡೆಯಿಂದ ಎರಡನೆಯ ಅಕ್ಷರದ ಮೇಲೆ ನಿಲ್ಲುವುದು. ಆಘಾತವಿಲ್ಲದ ಸ್ವರಗಳು ಬಹುಮಟ್ಟಿಗೆ ಕುಗ್ಗಿ ಮಸುಕಾಗುವುವು. ಕನ್ನಡಕ್ಕೆ ಈ ಏರಿಳಿತವು ಪ್ರಧಾನವಲ್ಲ, ಲಘುಗುರುಗಳೇ ಪ್ರಧಾನ. ಚಳ್ಳಕೆರೆಗೆ ನಾಲ್ಕಕ್ಷರ, ಐದು ಮಾತ್ರೆ. ಮೊಳಕಾಲ್ಮುರುವಿಗೆ ಐದಕ್ಷರ, ಆರು ಮಾತ್ರೆ. ಇಲ್ಲಿ ಯಾವ ಸ್ವರವೂ ಮತ್ತೊಂದಕ್ಕಾಗಿ ತನ್ನ ಪಾಲನ್ನು ಬಿಟ್ಟುಕೊಡದು.

ಈ ಲೆಕ್ಕದೊಳಕ್ಕೆ ಬಂದ ಪರಭಾಷೆಯ ಶಬ್ದವು ಇಲ್ಲಿನ ಕಟ್ಟಳೆಗೆ ಒಳಗಾಗಲೇಬೇಕು. ಒಂದೇ ಉಸಿರಿನ ಸ್ಕೂಲ್ ಎಂಬ ಮಾತು, ಮೊದಲ ಸಂಯುಕ್ತಾಕ್ಷರಕ್ಕೆ ಇಕಾರದ ಆಸರೆಯನ್ನೂ ಕಡೆಯ ವ್ಯಂಜನಕ್ಕೆ ಉಕಾರದ ಆಸರೆಯನ್ನೂ ಪಡೆದು, ಮೂರಕ್ಷರದ ‘ಇಸ್ಕೂಲು’ ಆಯಿತು. ಆರೋಗ್ಯವನ್ನು ಆರೋಗಿಯವಾಗಿಸಿದ ಪ್ರವೃತ್ತಿಗೂ ಇದಕ್ಕೂ ನೆಂಟಸ್ತನವುಂಟು: ಎರಡೆಡೆಯೂ ನಾಲಗೆಯು ಕ್ಲಿಷ್ಟವಾದ ವ್ಯಂಜನಸಂಯೋಗಕ್ಕೆ ಒಂದು ಸ್ವರವನ್ನು ನೆರವಿಗೆ ಕರೆದಿದೆ.

ಇಸ್ಕೂಲು ಎಂದ ಹಳ್ಳಿಯ ಮಗುವನ್ನು ನಾಗರಿಕರು ನಗುವುದುಂಟು. ಆ ನಗೆಗೆ ಅಂಜಿದ ಮಗು ತರಗತಿಯಲ್ಲಿ ಬಾಯಿ ತೆರೆಯಲೂ ಹಿಂಜರಿಯುವುದು. ಅದರ ವಿದ್ಯೆಗೆ ಅಲ್ಲಿಯೇ ಕುಂದು. ಆಂಗ್ಲಭಾಷೆಯನ್ನು ಕಲಿಸುವಾಗ ಅದರ ಉಚ್ಚಾರವನ್ನು ತಿದ್ದಬೇಕಾದುದು ಯುಕ್ತವೇ. ಆದರೆ ತಿದ್ದುವುದು ಬೇರೆ, ಹಳಿಯುವುದು ಬೇರೆ. ಸುವರ್ಣವನ್ನು ಸುವಂಣವೆಂದ ಮಾತನ್ನು ಚಕ್ರವರ್ತಿಯ ಆಜ್ಞೆಯಲ್ಲಿ ಮನ್ನಿಸಿದ ನಾಡು, ಮಗುವಿನ ಇಸ್ಕೂಲನ್ನೂ ಮನ್ನಿಸತಕ್ಕುದು.