ಋಣ, ನೊಗ, ನೆಮ್ಮದಿ: ಹಾವೇರಿ ಸೀಮೆಗೆ ಬಂದ ಕ್ರೈಸ್ತ ನುಡಿ

ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ ಕನಕದಾಸರ ನೆಲೆ. ರಾಣೇಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರು. ಸರ್ವಜ್ಞನ ಹೆಸರು ಇದೇ ಜಿಲ್ಲೆಯ ಅಬಲೂರು, ಮಾಸೂರುಗಳೊಂದಿಗೆ ಬೆಸೆದುಕೊಂಡಿದೆ. ಶಿಶುನಾಳ ಷರೀಫರೂ ಈ ಮಣ್ಣಿನವರೇ. ಪಶ್ಚಾತ್ತಾಪ, ಶರಣಾಗತಿ, ಮನಶ್ಶಾಂತಿಗಳ ಮಾತು ಶತಮಾನಗಳಿಂದ ಕೇಳಿಬಂದಿದ್ದ ಈ ಸೀಮೆಗೆ 19ನೇ ಶತಮಾನದಲ್ಲಿ ಕ್ರೈಸ್ತ ಬೋಧಕರು ಬಂದಾಗ, ‘ನಂಬು, ಕ್ಷಮೆ ಪಡೆ, ವಿಶ್ರಾಂತಿ ಹೊಂದು’ ಎಂಬ ಅವರ ಬೋಧನೆ ಹೇಗೆ ಅರ್ಥವಾಗಿರಬೇಕು?

ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು 1997ರವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದವು. ಆದ್ದರಿಂದ ಇಲ್ಲಿನ ಕ್ರೈಸ್ತ ಚರಿತ್ರೆಯನ್ನು ಧಾರವಾಡದ ಚರಿತ್ರೆಯಿಂದ ಬಿಡಿಸಿ ನೋಡಲಾಗದು. ಬ್ರಿಟಿಷರಲ್ಲದ ಮಿಷನರಿಗಳಿಗೂ ಭಾರತದ ಬಾಗಿಲು ತೆರೆದದ್ದು 1833ರ ಕಾಯಿದೆಯಿಂದ. ಮರುವರ್ಷವೇ ಬಾಸೆಲ್ ಮಿಷನ್ನಿನ ಮೊದಲ ಮೂವರು ಮಂಗಳೂರು ತಲುಪಿದರು. 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ಅವರ ಠಾಣ್ಯಗಳು ಆರಂಭವಾದವು. ಅದಕ್ಕೂ ಮೊದಲೇ, 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದ್ದರು.

ಅನುವಾದಕರ ಕಷ್ಟ ಪದಗಳಿಂದಲೇ ಶುರುವಾಗುತ್ತಿತ್ತು. ಮತ್ತಾಯನ ಸುವಾರ್ತೆಯಲ್ಲಿ ಯೇಸು ಕಲಿಸಿದ ಪ್ರಾರ್ಥನೆ ಬರುತ್ತದೆ. ಅಲ್ಲಿ ಪಾಪಕ್ಕೆ ಬಳಸಿರುವ ಗ್ರೀಕ್ ಪದದ ನೇರ ಅರ್ಥ ‘ಸಾಲ’. ಅದೇ ಸುವಾರ್ತೆಯಲ್ಲಿ ತೀರಿಸಲಾಗದಷ್ಟು ದೊಡ್ಡ ಸಾಲ ಮನ್ನಾ ಆದ ಆಳೊಬ್ಬ, ತನಗೆ ಚಿಕ್ಕ ಮೊತ್ತ ಕೊಡಬೇಕಾದವನ ಕುತ್ತಿಗೆ ಹಿಡಿಯುವ ಕಥೆಯಿದೆ. ಸಾಹುಕಾರನ ಖಾತೆಪುಸ್ತಕ ಕಂಡ ಬಯಲುಸೀಮೆಯ ರೈತನಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ದೇವಋಣ, ಪಿತೃಋಣಗಳ ಕಲ್ಪನೆಯೂ ನಮ್ಮಲ್ಲಿ ಹಳೆಯದು. ಆದರೆ ಋಣವನ್ನು ತೀರಿಸಬೇಕು, ಕರ್ಮವನ್ನು ಉಂಡೇ ಕಳೆಯಬೇಕು ಎಂಬುದು ಇಲ್ಲಿನ ರೂಢಿಯ ನಂಬಿಕೆ. ಸಾಲ ಕೊಟ್ಟವನೇ ನಷ್ಟ ಹೊತ್ತು ಲೆಕ್ಕ ಅಳಿಸಿಬಿಡುತ್ತಾನೆ ಎಂಬ ಮಾತು ಹೊಸದಾಗಿ ಕೇಳಿಸಿತು. ಕ್ಷಮೆ ಪಡೆದವನು ತಾನೂ ಕ್ಷಮಿಸಬೇಕೆಂಬ ಕರಾರು ಅದಕ್ಕೆ ಅಂಟಿಕೊಂಡೇ ಬಂತು.

ವಿಶ್ರಾಂತಿಯ ಮಾತೂ ಹಾಗೆಯೇ. ದಣಿದವರನ್ನು, ಹೊರೆ ಹೊತ್ತವರನ್ನು ಯೇಸು ತನ್ನ ಬಳಿಗೆ ಕರೆಯುತ್ತಾನೆ. ವಿಶ್ರಾಂತಿ ಕೊಡುವೆನೆಂದವನು ಅದರ ಬೆನ್ನಿಗೇ ತನ್ನ ನೊಗ ಹೊರಲು ಹೇಳುತ್ತಾನೆ. ಎತ್ತಿನ ಬೇಸಾಯದ ನಾಡಿನಲ್ಲಿ ನೊಗ ಎಂದರೇನೆಂದು ಎಲ್ಲರಿಗೂ ಗೊತ್ತು. ಹೊಂದದ ನೊಗ ಹೆಗಲು ಕೆತ್ತುತ್ತದೆ, ಹೊಂದಿದ ನೊಗ ಭಾರವನ್ನು ಹಂಚುತ್ತದೆ. ಸೋಮವಾರ ಬಸವಣ್ಣನ ವಾರವೆಂದು ಎತ್ತು ಹೂಡದೆ ಬಿಡುವ ಪದ್ಧತಿಯೂ ಈ ಭಾಗದಲ್ಲಿದೆ. ಕ್ರೈಸ್ತನಾದ ಒಕ್ಕಲಿಗ ಭಾನುವಾರ ಬಿಡುವು ಮಾಡತೊಡಗಿದ. ಕೆಲಸ ನಿಲ್ಲಿಸಿ ದೇವರನ್ನು ನೆನೆಯುವ ದಿನವೊಂದು ಅವನಿಗೆ ಮೊದಲೇ ಪರಿಚಿತವಾಗಿತ್ತು.

ಆದರೆ ಈ ನೆಮ್ಮದಿಗೆ ತೆರಬೇಕಾದ ಬೆಲೆ ಸಣ್ಣದಾಗಿರಲಿಲ್ಲ. ಹುಬ್ಬಳ್ಳಿ ಠಾಣ್ಯದ ಆರಂಭದ ದಿನಗಳಲ್ಲಿ ಕಾಲಜ್ಞಾನದ ಭವಿಷ್ಯವಾಣಿಯನ್ನು ನಂಬಿದ್ದ ಒಂದು ಪಂಥದವರು ಮಿಷನರಿಗಳನ್ನು ಅರಸಿ ಬಂದರು. ಅವರಿಗಾಗಿ 1841ರಲ್ಲಿ ಗದಗ-ಬೆಟಗೇರಿಯ ಬಳಿ ಮಲಸಮುದ್ರದಲ್ಲಿ ಬೇಸಾಯದ ವಸಾಹತು ಏರ್ಪಾಟಾಯಿತು. ಜಾತಿಯನ್ನು ಬಿಡುವ ಪ್ರಶ್ನೆ ಎದುರಾದಾಗ ಬಂದವರಲ್ಲಿ ಹೆಚ್ಚಿನವರು ಹಿಂದೆ ಸರಿದರು. ದೀಕ್ಷಾಸ್ನಾನ ಪಡೆದವನು ಮನೆ, ಬಳಗ, ಕಸುಬು ಮೂರನ್ನೂ ಕಳೆದುಕೊಳ್ಳುವ ಭಯವಿತ್ತು. ಮತಾಂತರದಿಂದ ಪಿತ್ರಾರ್ಜಿತ ಹಕ್ಕು ಹೋಗದೆಂದು 1850ರ ಕಾಯಿದೆ ಹೇಳಿದರೂ, ಊರು ಹಾಕಿದ ಬಹಿಷ್ಕಾರವನ್ನು ತೆಗೆಸುವ ಶಕ್ತಿ ಅದಕ್ಕೆ ಇರಲಿಲ್ಲ. ಬಾಸೆಲ್ ಮಿಷನ್ ನೇಯ್ಗೆ ಮತ್ತು ಹೆಂಚಿನ ಕಾರ್ಖಾನೆಗಳನ್ನು ತೆರೆಯಲು ಇದೂ ಒಂದು ಕಾರಣ. 1876-78ರ ಭೀಕರ ಬರದಲ್ಲಿ ಮಿಷನ್ ಹಸಿದವರಿಗೆ, ಅನಾಥರಿಗೆ ಆಸರೆಯಾಯಿತು. ‘ಇದು ನಂಬಿಕೆಯೋ, ಅನ್ನಕ್ಕಾಗಿ ಬಂದದ್ದೋ’ ಎಂಬ ಶಂಕೆಯೂ ಬೆನ್ನು ಹತ್ತಿತು. ಹಸಿದವನಲ್ಲಿ ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

ಬೋಧಿಸಲು ಬಂದವರು ಕೇಳಲೂ ಕಲಿತರು ಎಂಬುದು ಈ ಚರಿತ್ರೆಯ ಇನ್ನೊಂದು ಮುಖ. ಹರ್ಮನ್ ಮೋಗ್ಲಿಂಗ್ 1850ರಲ್ಲಿ ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಮಾಡಿಸಿದರು. ನಿಘಂಟುಕಾರ ಫರ್ಡಿನಾಂಡ್ ಕಿಟೆಲ್ ‘ಕಥಾಮಾಲೆ’ಯಲ್ಲಿ ಯೇಸುವಿನ ಚರಿತೆಯನ್ನು ಕನ್ನಡ ಛಂದಸ್ಸಿಗೆ ಒಗ್ಗಿಸಿದರು.

ಈ ಎರಡು ಪರಂಪರೆಗಳನ್ನು ಒಂದೇ ಬಾಳಿನಲ್ಲಿ ಹೊತ್ತವರು ರೆವರೆಂಡ್ ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಅವರು ಬಾಸೆಲ್ ಮಿಷನ್ನಿನ ಬೋಧಕರಾದರು. ಪಾದ್ರಿಯಾಗಿದ್ದುಕೊಂಡೇ ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬುದು ಅವರ ಇನ್ನೊಂದು ಕೃತಿ. ಹೆಸರಿನಲ್ಲಿರುವುದು ಆಜ್ಞೆಯಲ್ಲ, ವಿನಂತಿ. 1949ರಲ್ಲಿ ಗುಲ್ಬರ್ಗದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಈ ಪಾದ್ರಿಯೇ ಅಧ್ಯಕ್ಷರಾದರು. 1962ರಲ್ಲಿ ತೀರಿಕೊಂಡರು.

ತಮ್ಮ ನಂಬಿಕೆಯನ್ನು ಉತ್ತಂಗಿಯವರು ಬಿಡಲಿಲ್ಲ, ಹಿರಿಯರ ನುಡಿಯನ್ನು ಹಳಿಯಲೂ ಇಲ್ಲ. ಮತಾಂತರದಿಂದ ಒಡೆದ ಮನೆಗಳಲ್ಲಿ ಎರಡೂ ಕಡೆ ನೋವಿತ್ತು, ಎರಡೂ ಕಡೆ ಕೊಡಬೇಕಾದ ಕ್ಷಮೆಯಿತ್ತು. ಇಂದು ಧಾರವಾಡ ಕೇಂದ್ರವಾಗಿರುವ ದಕ್ಷಿಣ ಭಾರತ ಸಭೆಯ ಉತ್ತರ ಕರ್ನಾಟಕದ ದೇವಾಲಯಗಳಲ್ಲಿ ಭಾನುವಾರ ಕ್ಷಮೆಯ ಪ್ರಾರ್ಥನೆ ಕನ್ನಡದಲ್ಲೇ ನಡೆಯುತ್ತದೆ. ಕಾಗಿನೆಲೆಯಲ್ಲಿ ಕನಕನ ಕೀರ್ತನೆಯೂ ಅದೇ ಭಾಷೆಯಲ್ಲಿ ಕೇಳುತ್ತದೆ.