ಜಿಂಕೆಗೆ ಗೇಣಿ ಎಷ್ಟು?

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲಿ ಕೂತಿದ್ದೀರೋ, ತೋಟದಲ್ಲಿ ಅಡಿಕೆ ಹೆಕ್ಕುತ್ತಾ ಇದ್ದೀರೋ ಗೊತ್ತಿಲ್ಲ. ಎಲ್ಲೇ ಇದ್ದರೂ ಇವತ್ತಿನ ಕಂತಿಗೆ ಸ್ವಾಗತ. ಇವತ್ತು ಒಂದು ವಾಟ್ಸ್‌ಆ್ಯಪ್ ವಾಯ್ಸ್ ನೋಟ್‌ನಿಂದ ಶುರು ಮಾಡ್ತೇನೆ.

ನನ್ನ ದೊಡ್ಡಮ್ಮನ ಮಗ ಅಮೆರಿಕದ ಟೆಕ್ಸಾಸ್‌ನಲ್ಲಿದ್ದಾನೆ. ಹೋದ ತಿಂಗಳು ಅವನು ಕಳಿಸಿದ ಮಾತು ಇದು: "ಇಲ್ಲಿ ಜಾಗ ಇದ್ದವರು ಜಿಂಕೆ ಬೇಟೆಯವರಿಗೆ ಸೀಸನ್ನಿಗೆ ಇಷ್ಟು ಅಂತ ಜಾಗ ಬಾಡಿಗೆಗೆ ಕೊಡ್ತಾರೆ ಮಾರಾಯ. ಸುಳ್ಯದಲ್ಲಿ ನಮ್ಮ ಗುಡ್ಡೆ ಸುಮ್ಮನೆ ಬಿದ್ದಿದೆ. ಹಂದಿ, ಕಡವೆ ಎಲ್ಲ ಅಲ್ಲೇ ಮೇಯ್ತವೆ. ನಾವು ಯಾಕೆ ಕೊಡಬಾರದು?"

ನಗು ಬಂತು. ನಮ್ಮಲ್ಲಿ ಹಾಗೆ ಮಾಡಿದರೆ ಬಾಡಿಗೆ ಬರೋದಿಲ್ಲ, ಜೀಪ್ ಬರ್ತದೆ. ಆದರೆ ನಗು ನಿಂತ ಮೇಲೆ ಪ್ರಶ್ನೆ ಉಳೀತು. ನಮ್ಮ ಜಾಗದಲ್ಲಿ ಮೇಯುವ ಪ್ರಾಣಿ ಯಾರದ್ದು? ಅದು ತಿಂದದ್ದರ ಬೆಲೆ ಯಾರು ಕೊಡಬೇಕು? ಪುತ್ತೂರು, ಸುಳ್ಯ, ಕಡಬದ ಚರಿತ್ರೆಯಲ್ಲಿ ಈ ಪ್ರಶ್ನೆಗೆ ಸಿಕ್ಕಿರೋ ಉತ್ತರ ಕಾಲಕಾಲಕ್ಕೆ ಬದಲಾಗಿದೆ. ಇವತ್ತಿನ ಕಥೆ ಅದೇ.

ಟೆಕ್ಸಾಸ್‌ನಲ್ಲಿ ಮಾರೋದು ಏನನ್ನು?

ಮೊದಲು ಅಲ್ಲಿನ ಲೆಕ್ಕ ನೋಡೋಣ. ಟೆಕ್ಸಾಸ್‌ನ ನೆಲದಲ್ಲಿ ಶೇಕಡಾ 90ಕ್ಕಿಂತ ಹೆಚ್ಚು ಪಾಲು ಖಾಸಗಿಯವರದ್ದು. ಆದರೆ ಕಾಡು ಜಿಂಕೆ ಮಾತ್ರ ಜಾಗದ ಯಜಮಾನನದ್ದಲ್ಲ. ಅದು ಜನರ ಸೊತ್ತು, ಅಂದರೆ ರಾಜ್ಯದ ಸೊತ್ತು. ಬೇಟೆಯವನು ರಾಜ್ಯದಿಂದ ಲೈಸೆನ್ಸ್ ತಗೊಳ್ಳಬೇಕು. ಯಜಮಾನ ಮಾರುವುದು ಜಿಂಕೆಯನ್ನಲ್ಲ, ಗೇಟಿನೊಳಗೆ ಬರುವ ಹಕ್ಕನ್ನು.

ಬೆಲೆ ಕಟ್ಟೋದಕ್ಕೆ ಎರಡು ದಾರಿ. ಒಂದು, ಎಕರೆಗೆ ಇಷ್ಟು. ಇನ್ನೊಂದು, ಒಂದು ಕೋವಿಗೆ ಇಷ್ಟು, ಅಂದರೆ ಒಬ್ಬ ಬೇಟೆಗಾರನಿಗೆ. ನೀರು ಇದೆಯಾ, ರಸ್ತೆ ಇದೆಯಾ, ಉಳಿಯೋದಕ್ಕೆ ಮನೆ ಇದೆಯಾ, ಎಷ್ಟು ಪ್ರಾಣಿ ಕಾಣಸಿಗ್ತವೆ, ಎಷ್ಟು ಜನರನ್ನು ಬಿಡ್ತಾರೆ, ಅವಘಡ ಆದರೆ ವಿಮೆ ಯಾರದ್ದು, ಇದೆಲ್ಲ ನೋಡಿ ದರ ಏರ್ತದೆ, ಇಳೀತದೆ. ಹಾಗಾಗಿ ಜಿಂಕೆ ಬೆಳೆ ತಿಂದರೂ ಆ ರೈತನಿಗೆ ಜಿಂಕೆ ಪೂರ್ತಿ ನಷ್ಟವಲ್ಲ. ಅವನ ಲೆಕ್ಕದ ಪುಸ್ತಕದಲ್ಲಿ ಅದಕ್ಕೊಂದು ಆದಾಯದ ಕಾಲಂ ಇದೆ.

ನಮ್ಮ ಪುಸ್ತಕದಲ್ಲಿ ಆ ಕಾಲಂ ಯಾವತ್ತಾದರೂ ಇತ್ತಾ?

ವರ್ಗ, ಕುಮ್ಕಿ, ಗೇಣಿ

1799ರಲ್ಲಿ ಟಿಪ್ಪು ಸತ್ತ ಮೇಲೆ ಕೆನರಾ ಕಂಪನಿಯ ಕೈಗೆ ಬಂತು. ಮೊದಲ ಕಲೆಕ್ಟರ್ ಥಾಮಸ್ ಮನ್ರೊ. ಇಲ್ಲಿ ನೆಲದ ಮೇಲೆ ಖಾಸಗಿ ಹಕ್ಕು ಗಟ್ಟಿಯಾಗಿ ಬೇರು ಬಿಟ್ಟಿರೋದನ್ನು ಅವನು ಗಮನಿಸಿ ಬರೆದ. ಆ ಹಿಡುವಳಿಗೆ ನಮ್ಮ ಕಡೆ ಹೆಸರು 'ವರ್ಗ'. ಈ ಪದ ಬಂದದ್ದು ಹಾಳೆ ಅನ್ನೋ ಅರ್ಥದ ಅರಬ್ಬಿ ಪದದಿಂದ. ಲೆಕ್ಕದ ಪುಸ್ತಕದ ಹಾಳೆ. ಈ ಮಾತು ನೆನಪಲ್ಲಿ ಇಟ್ಟುಕೊಳ್ಳಿ, ಕೊನೆಗೆ ಬೇಕಾಗ್ತದೆ.

ವರ್ಗದ ಸುತ್ತ ನೂರು ಗಜದೊಳಗಿನ ಸರ್ಕಾರಿ ಜಾಗ 'ಕುಮ್ಕಿ'. ಅಲ್ಲಿಂದ ಸೊಪ್ಪು, ಸೌದೆ, ಮರಮಟ್ಟು ತಂದು ಕೃಷಿಗೆ, ಮನೆಗೆ ಬಳಸುವ ಸವಲತ್ತು ವರ್ಗದಾರನಿಗೆ. ಕುಮ್ಕಿ ಅಂದರೆ ಸಹಾಯ. ಕಾಡಾನೆ ಹಿಡಿಯೋಕೆ ತರುವ ಸಾಕಾನೆಗೆ 'ಕುಮ್ಕಿ ಆನೆ' ಅಂತಾರಲ್ಲ, ಅದೂ ಇದೇ ಪದ. ಕಾಡುಪ್ರಾಣಿ ತೋಟಕ್ಕೆ ಇಳಿಯೋದು ಹೆಚ್ಚಾಗಿ ಈ ಕುಮ್ಕಿ ಗುಡ್ಡೆಯನ್ನು ದಾಟಿಯೇ. ಸೊಪ್ಪು ಕೊಟ್ಟ ಗುಡ್ಡೆಯೇ ಹಂದಿಯನ್ನೂ ಕೊಡ್ತಿತ್ತು.

ಸುಳ್ಯದ ಕಡೆಯ ಕಥೆ ಸ್ವಲ್ಪ ಬೇರೆ. 19ನೇ ಶತಮಾನದ ಮೊದಲ ದಶಕಗಳಲ್ಲಿ ಅಮರ ಸುಳ್ಯ ಸೀಮೆ ಕೊಡಗಿನ ರಾಜರ ಕೈಯಲ್ಲಿತ್ತು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಈ ಭಾಗವನ್ನು ಕೆನರಾಕ್ಕೆ ಸೇರಿಸಿದರು. ಮೊದಲು ಬೆಳೆಯ ರೂಪದಲ್ಲೂ ಕೊಡಬಹುದಾಗಿದ್ದ ಕಂದಾಯವನ್ನು ಈಗ ನಗದಾಗಿಯೇ ಕೊಡಬೇಕು ಅಂತಾಯಿತು. ಮೂರೇ ವರ್ಷ. 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರಂಥವರ ಮುಂದಾಳತ್ವದಲ್ಲಿ ಜನ ಬೆಳ್ಳಾರೆಯ ಖಜಾನೆ ವಶಪಡಿಸಿಕೊಂಡು ಮಂಗಳೂರಿನ ತನಕ ಹೋದರು. ಬೆಲೆ ಎಷ್ಟು ಅನ್ನೋದರ ಜೊತೆಗೆ ಅದನ್ನು ಯಾವ ರೂಪದಲ್ಲಿ ಕೊಡಬೇಕು ಅನ್ನೋದೂ ನ್ಯಾಯದ ಪ್ರಶ್ನೆ ಅಂತ ಈ ಊರಿಗೆ ಆವತ್ತೇ ಗೊತ್ತಿತ್ತು.

ಅದೇ 1834ರ ಗೆರೆಯ ಇನ್ನೊಂದು ಪರಿಣಾಮ ಇವತ್ತಿಗೂ ಇದೆ. ಸಂಪಾಜೆಯ ಆಚೆ ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಲ್ಲಿ ಶುರುವಾದ ಆ ವಿನಾಯಿತಿಯನ್ನು 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿ ಹಿಡಿಯಿತು. ಸಂಪಾಜೆಯ ಈಚೆ ಸುಳ್ಯದ ರೈತನಿಗೆ ಲೈಸೆನ್ಸ್ ಬೇಕು. ಕೋವಿ ಇಟ್ಟುಕೊಳ್ಳೋದಕ್ಕೆ ವಿನಾಯಿತಿ ಅಂದರೆ ಬೇಟೆಗೆ ಅನುಮತಿ ಅಲ್ಲ, ಅದು ಬೇರೆ ಮಾತು.

ಇನ್ನು ಗೇಣಿ. ಮೂಲಗೇಣಿ, ಅಂದರೆ ಶಾಶ್ವತ. ಚಾಲಗೇಣಿ, ಅಂದರೆ ಧಣಿಗೆ ಬೇಡ ಅನಿಸಿದರೆ ಬಿಡಿಸಬಹುದಾದದ್ದು. ಗೇಣಿ ಇಷ್ಟು ಮುಡಿ ಅಕ್ಕಿ ಅಂತ ನಿಗದಿಯಾಗಿದ್ದಾಗ, ಹಂದಿ ಉತ್ತ ಗದ್ದೆಯ ನಷ್ಟ ಮೊದಲು ಬೀಳೋದು ಯಾರ ತಲೆಗೆ? ಒಕ್ಕಲಿನ ತಲೆಗೆ.

ಇಂಗ್ಲೆಂಡಿನಲ್ಲೂ ಇದೇ ಜಗಳ ಇತ್ತು. ಧಣಿ ಬೇಟೆಯ ಹಕ್ಕನ್ನು ತನ್ನಲ್ಲೇ ಇಟ್ಟುಕೊಂಡು ಜಮೀನು ಮಾತ್ರ ಗೇಣಿಗೆ ಕೊಡುತ್ತಿದ್ದ. ಅವನ ಮೊಲಗಳು ಒಕ್ಕಲಿನ ಬೆಳೆ ತಿನ್ನುತ್ತಿದ್ದವು. 1880ರಲ್ಲಿ ಅಲ್ಲಿನ ಪಾರ್ಲಿಮೆಂಟ್ ಕಾನೂನು ಮಾಡಿತು: ಗೇಣಿ ಪತ್ರದಲ್ಲಿ ಏನೇ ಬರೆದಿರಲಿ, ತನ್ನ ಬೆಳೆ ತಿನ್ನುವ ಮೊಲವನ್ನು ಕೊಲ್ಲುವ ಹಕ್ಕು ಉಳುವವನಿಗೆ ಇದೆ.

'ಆಸ್ತಿ' ಅನ್ನೋ ಒಂದು ಪದ

ನಮ್ಮ ತುಳುನಾಡಿನಲ್ಲಿ ಬೇಟೆ, ತುಳುವಿನ 'ಬೋಂಟೆ', ವ್ಯಾಪಾರ ಆಗಿರಲಿಲ್ಲ. ಫೆಬ್ರವರಿ ಹೊತ್ತಿಗೆ ಬರುವ ಕೆಡ್ಡಸದ ದಿನಗಳಲ್ಲಿ ಭೂಮಿ ತಾಯಿಗೆ ವಿಶ್ರಾಂತಿ, ನೇಗಿಲು ಮುಟ್ಟೋ ಹಾಗಿಲ್ಲ, ಗಂಡಸರು ಬೇಟೆಗೆ ಹೋಗುವ ರೂಢಿ ಇತ್ತು. ಬೆಳೆ ತಿನ್ನುವ ಹಂದಿಯೇ ಪಂಜುರ್ಲಿಯಾಗಿ ಕೋಲದಲ್ಲಿ ಅಭಯ ಕೊಡ್ತದೆ. ಹೆದರಿಕೆ, ಗೌರವ ಮತ್ತು ಊಟ ಒಂದೇ ಪ್ರಾಣಿಯಲ್ಲಿ.

ಬೇಟೆಯನ್ನು ಶುಲ್ಕದ ವ್ಯವಹಾರ ಮಾಡಿದ್ದು ಬ್ರಿಟಿಷ್ ಆಡಳಿತ. ನಮ್ಮ ಜಿಲ್ಲೆ ಆಗ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು. ಅದೇ ಪ್ರೆಸಿಡೆನ್ಸಿಯ ನೀಲಗಿರಿಗೆ 1879ರಲ್ಲೇ ಬೇಟೆ ಮತ್ತು ಮೀನು ಸಂರಕ್ಷಣೆಯ ಪ್ರತ್ಯೇಕ ಕಾನೂನು ಬಂತು. ಆಮೇಲೆ 1912ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಕಾಡು ಹಕ್ಕಿ, ಪ್ರಾಣಿಗಳ ರಕ್ಷಣೆಯ ಕಾನೂನು ಬಂತು. ಬೇಟೆ ನಿಷೇಧದ ಋತು ಗೊತ್ತು ಮಾಡುವ ಅಧಿಕಾರ ಸರ್ಕಾರಕ್ಕೆ. ಆದರೆ ಅದರಲ್ಲಿ ಒಂದು ಸಣ್ಣ ಸಾಲು ಇತ್ತು. ಪ್ರಾಣ ಕಾಪಾಡಿಕೊಳ್ಳಲು ಅಥವಾ ಪ್ರಾಮಾಣಿಕವಾಗಿ ಆಸ್ತಿ ಕಾಪಾಡಿಕೊಳ್ಳಲು ಪ್ರಾಣಿಯನ್ನು ಕೊಂದರೆ ಈ ಕಾನೂನು ಅನ್ವಯಿಸೋದಿಲ್ಲ. ಬೆಳೆಯೂ ಆಸ್ತಿಯೇ ಅಲ್ವಾ? ಅಂದರೆ ಗದ್ದೆಯ ಹುಣಿಯಲ್ಲಿ ನಿಂತ ರೈತನೇ ತೀರ್ಮಾನ ಮಾಡಬಹುದಿತ್ತು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆ ಸಾಲನ್ನು ಬದಲಿಸಿತು. ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಕೊಂದರೆ ಅಪರಾಧವಲ್ಲ, ಇದು ಉಳೀತು. ಆಸ್ತಿಗೆ ಮಾತ್ರ ಅಧಿಕಾರಿಯ ಲಿಖಿತ ಆದೇಶ ಬೇಕು. ತೀರ್ಮಾನ ಹುಣಿಯಿಂದ ಕಚೇರಿಗೆ ಹೋಯಿತು.

ಇದಕ್ಕೆ ಕಾರಣವೂ ಇತ್ತು, ಅದನ್ನು ಹೇಳದಿದ್ದರೆ ಕಥೆ ಅರ್ಧ. ಸ್ವಾತಂತ್ರ್ಯ ಬಂದ ಮೇಲಿನ ಎರಡು ದಶಕಗಳಲ್ಲಿ ಜೀಪು, ಟಾರ್ಚು, ಕೋವಿ ಸೇರಿ ದೇಶದ ಕಾಡುಗಳನ್ನು ಖಾಲಿ ಮಾಡುತ್ತಿದ್ದವು. 'ಬೆಳೆ ರಕ್ಷಣೆ' ಅನ್ನೋ ನೆಪದಲ್ಲಿ ಮಾಂಸದ ವ್ಯಾಪಾರವೂ ನಡೀತಿತ್ತು. ಕಾನೂನು ಬಿಗಿಯಾಗದಿದ್ದರೆ ಇವತ್ತು ನಾವು ಕಡವೆಯನ್ನು ಯೂಟ್ಯೂಬ್‌ನಲ್ಲಿ ಮಾತ್ರ ನೋಡಬೇಕಿತ್ತೋ ಏನೋ.

ಇನ್ನೊಂದು ವಿಷಯ ಗೊತ್ತಾ? 1972ರ ಕಾಯ್ದೆ ಬೇಟೆಯನ್ನು ಒಂದೇ ಏಟಿಗೆ ನಿಲ್ಲಿಸಲಿಲ್ಲ. ಮೊದಲಿಗೆ ಜಿಂಕೆ, ಕಡವೆ 'ದೊಡ್ಡ ಬೇಟೆ'ಯ ಪಟ್ಟಿಯಲ್ಲಿದ್ದವು, ಅದಕ್ಕೆ ಲೈಸೆನ್ಸಿನ ವ್ಯವಸ್ಥೆಯೂ ಇತ್ತು. ಅದರ 17ನೇ ಸೆಕ್ಷನ್‌ನಲ್ಲಿ, ಸರ್ಕಾರದ್ದಲ್ಲದ ಜಾಗದಲ್ಲಿ ಯಜಮಾನನ ಅಥವಾ ಕಾನೂನುಬದ್ಧವಾಗಿ ಅನುಭವಿಸುವವನ ಒಪ್ಪಿಗೆ ಇಲ್ಲದೆ ಬೇಟೆ ಆಡಬಾರದು ಅಂತ ಬರೆದಿತ್ತು. ಟೆಕ್ಸಾಸ್‌ನ ಗೇಟಿಗೆ ನಮ್ಮ ಕಾನೂನು ಅತಿ ಹತ್ತಿರ ಬಂದದ್ದು ಇಲ್ಲಿಯೇ. ಒಪ್ಪಿಗೆ ಬೇಕು ಅಂತ ಬರೆದರು, ಆ ಒಪ್ಪಿಗೆಗೆ ಬೆಲೆ ಏನು ಅಂತ ಬರೆಯಲಿಲ್ಲ. 1991ರ ತಿದ್ದುಪಡಿಯಲ್ಲಿ ಲೈಸೆನ್ಸೂ ಹೋಯಿತು, ಆ ಸೆಕ್ಷನ್ನೂ ಹೋಯಿತು.

ಎರಡು ವರ್ಷ, ಎರಡು ಬಾಗಿಲು

ದೊಡ್ಡಮ್ಮನ ಮಗನಿಗೆ ಉತ್ತರ ಕೊಡುವಾಗ ಇನ್ನೊಂದು ದಿನಾಂಕವನ್ನೂ ಹೇಳಿದೆ: 1974ರ ಮಾರ್ಚ್ 1. ಕರ್ನಾಟಕದಲ್ಲಿ ಭೂಸುಧಾರಣೆ ಜಾರಿಯಾದ ದಿನ. ಅಂದಿನಿಂದ ಗೇಣಿ ಜಮೀನು ಸರ್ಕಾರಕ್ಕೆ ಸೇರಿ, ಉಳುವವನು ಡಿಕ್ಲರೇಷನ್ ಕೊಟ್ಟು ಒಡೆಯನಾದ. ದಕ್ಷಿಣ ಕನ್ನಡದಲ್ಲಿ ಇದು ಎಷ್ಟು ಮನೆಗಳ ಬದುಕು ಬದಲಿಸಿತು ಅಂತ ನಿಮ್ಮ ಅಜ್ಜಿಯನ್ನು ಕೇಳಿ. ಅದರ ಜೊತೆಗೇ ಕೃಷಿ ಜಮೀನನ್ನು ಗೇಣಿಗೆ ಕೊಡೋದೂ ನಿಷಿದ್ಧವಾಯಿತು. ಸೈನಿಕರು, ನಾವಿಕರಂಥವರಿಗೆ ಮಾತ್ರ ವಿನಾಯಿತಿ. 2020ರಲ್ಲಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಅಂತ ತಿದ್ದಿದರು, ಗೇಣಿಯ ನಿಷೇಧ ಹಾಗೇ ಉಳೀತು.

ಹೀಗೆ 1972ರಲ್ಲಿ ಪ್ರಾಣಿಯ ಬಾಗಿಲು, 1974ರಲ್ಲಿ ಗೇಣಿಯ ಬಾಗಿಲು. ಎರಡನ್ನೂ ಒಳ್ಳೆಯ ಕಾರಣಕ್ಕೇ ಮುಚ್ಚಿದ್ದು. ಒಂದು ಕಾಡನ್ನು ಉಳಿಸಿತು, ಇನ್ನೊಂದು ಒಕ್ಕಲನ್ನು ಉಳಿಸಿತು. ಆದರೆ ಹಳೇ ಒಕ್ಕಲು ಒಡೆಯನಾದ ಮೇಲೂ ಅವನ ತಲೆ ಮೇಲಿದ್ದ ಒಂದು ಹೊರೆ ಇಳಿಯಲಿಲ್ಲ. ಹಂದಿ ತಿಂದದ್ದರ ಲೆಕ್ಕ ಇವತ್ತಿಗೂ ಮೊದಲು ಅವನದ್ದೇ.

ಈಗಿನ ದರ

ಗಡಿಯಾಚೆ ಕಾಸರಗೋಡಿಗೆ ಬನ್ನಿ. 2022ರಲ್ಲಿ ಕೇರಳ ಸರ್ಕಾರ, ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಕೊಲ್ಲಲು ಅನುಮತಿ ಕೊಡುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರಂಥ ಸ್ಥಳೀಯ ಮುಖ್ಯಸ್ಥರಿಗೆ ಕೊಟ್ಟಿತು. ಗುಂಡು ಹೊಡೆಯುವವನು ಲೈಸೆನ್ಸ್ ಇರುವವನೇ ಆಗಬೇಕು, ಮಾಂಸ ತಿನ್ನುವ ಹಾಗಿಲ್ಲ, ಹೂಳಬೇಕು. ಹೊಡೆದವನಿಗೆ ಪಂಚಾಯತ್ ಕಡೆಯಿಂದ ಗೌರವಧನ. ಟೆಕ್ಸಾಸ್‌ನಲ್ಲಿ ಬೇಟೆಗಾರ ರೈತನಿಗೆ ದುಡ್ಡು ಕೊಡ್ತಾನೆ, ಇಲ್ಲಿ ಊರೇ ಬೇಟೆಗಾರನಿಗೆ ದುಡ್ಡು ಕೊಡ್ತದೆ. ಒಂದೇ ಗುಂಡು, ಹಣ ಹರಿಯೋ ದಿಕ್ಕು ಮಾತ್ರ ಉಲ್ಟಾ.

ನಮ್ಮ ಮೂರು ತಾಲೂಕುಗಳಲ್ಲಿ? 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ, ಮೂತಿಯಿಂದ ಮದ್ದು ತುಂಬುವ ಕೋವಿಗೆ ಬೆಳೆ ರಕ್ಷಣೆಯ ಹೆಸರಲ್ಲೇ ಲೈಸೆನ್ಸ್ ಕೊಡುವ ಅವಕಾಶ ಇದೆ. ಹಲವು ಮನೆಗಳಲ್ಲಿ ಅಂಥ ಕೋವಿ ಇದೆ. ಅದರ ಕೆಲಸ ಹೆಚ್ಚಾಗಿ ಸದ್ದು ಮಾಡೋದು. ಚುನಾವಣೆ ಬಂದಾಗೆಲ್ಲ ಅದನ್ನು ಠೇವಣಿ ಇಡುವ ಮಾತು ಬರ್ತದೆ, ಹಂದಿಗೆ ಮಾತ್ರ ನೀತಿ ಸಂಹಿತೆ ಇಲ್ಲ. ಇದು ತಮಾಷೆಯ ವಿಷಯ ಅಷ್ಟೇ ಅಲ್ಲ. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ದಾಳಿಗೆ ಒಂದೇ ಬೆಳಗ್ಗೆ ಇಬ್ಬರು ಸತ್ತರು. ಕುಮ್ಕಿ ಆನೆಗಳು ಬಂದದ್ದು ಅದಾದ ಮೇಲೆ.

ಹಾಗಾದರೆ ನ್ಯಾಯವಾದ ಬೆಲೆ ಯಾವುದು? ನನ್ನ ಅಭಿಪ್ರಾಯ ಹೇಳ್ತೇನೆ, ನೀವು ಒಪ್ಪಬೇಕಂತಿಲ್ಲ. ಬೇಟೆಯನ್ನು ಮತ್ತೆ ಮಾರಾಟಕ್ಕೆ ತರೋದು ಉತ್ತರ ಅಲ್ಲ. ನಮ್ಮ ಹಿಡುವಳಿಗಳು ಎರಡು, ಮೂರು ಎಕರೆಯವು. ಒಬ್ಬರ ಅಡಿಕೆ ತೋಟದಲ್ಲಿ ಹಾರಿದ ಗುಂಡು ಪಕ್ಕದವರ ಅಂಗಳಕ್ಕೆ ಬೀಳ್ತದೆ. ಆದರೆ ಟೆಕ್ಸಾಸ್‌ನವರು ಬೆಲೆ ಕಟ್ಟುವ ರೀತಿಯಿಂದ ಒಂದು ವಿಷಯ ಕಲಿಯಬಹುದು. ಕಾಡುಪ್ರಾಣಿ ಎಲ್ಲರದ್ದು, ಅದನ್ನು ಸಾಕುವ ನೆಲ ಒಬ್ಬನದ್ದು. ಆ ಒಬ್ಬನಿಗೆ ಎಲ್ಲರೂ ಕೊಡೋದು ದಾನವಲ್ಲ, ಮೇವಿನ ಗೇಣಿ.

ಪರಿಹಾರ ಅನ್ನೋ ಪದದಲ್ಲಿ ಕರುಣೆ ಇದೆ, ಗೇಣಿ ಅನ್ನೋ ಪದದಲ್ಲಿ ಹಕ್ಕಿದೆ. ಹಕ್ಕು ಅಂದರೆ ಲೆಕ್ಕವೂ ಸರಿಯಾಗಿ ಆಗಬೇಕು. ಆನೆ ಮುರಿದ ಅಡಿಕೆ ಮರಕ್ಕೆ ಆ ವರ್ಷದ ಫಸಲಿನ ಬೆಲೆ ಕಟ್ಟಿದರೆ ಸಾಲದು. ಅದರ ಜಾಗದಲ್ಲಿ ನೆಟ್ಟ ಗಿಡ ಫಸಲಿಗೆ ಬರೋದಕ್ಕೆ ಐದಾರು ವರ್ಷ ಬೇಕು. ರಾತ್ರಿ ಕಾವಲಿಗೂ, ಬೇಲಿಗೂ ಒಂದು ದರ ಇರಬೇಕು. ಹಂದಿ ಕಾಟಕ್ಕೆ ಹೆದರಿ ಹಡಿಲು ಬಿಟ್ಟ ಗದ್ದೆಗೂ ಒಂದು ದರ ಇರಬೇಕು.

ವರ್ಗ ಅಂದರೆ ಲೆಕ್ಕದ ಹಾಳೆ ಅಂದಿದ್ದೆನಲ್ಲ. ಇನ್ನೂರು ವರ್ಷ ಆ ಹಾಳೆಯಲ್ಲಿ ನಾವು ಸರ್ಕಾರಕ್ಕೆ ಕೊಡಬೇಕಾದ್ದನ್ನು ಮಾತ್ರ ಬರೆದರು. ಹೊಸ ಕಾಲಂ ನಾವೇ ಶುರು ಮಾಡೋಣ. ನಿಮ್ಮ ಕೈಯಲ್ಲಿ ಫೋನಿದೆ. ಹಂದಿ ಬಂದ ತಾರೀಕು, ಹೋದ ಗಿಡದ ಲೆಕ್ಕ, ಒಂದು ಫೋಟೊ, ಇಷ್ಟನ್ನು ಒಂದು ವರ್ಷ ಬರೆದಿಡಿ. ಗ್ರಾಮಸಭೆಯಲ್ಲಿ ಬೆಲೆಯ ಮಾತು ಬಂದಾಗ, ಬಾಯಿಮಾತಿಗಿಂತ ಆ ಹಾಳೆಗೆ ತೂಕ ಜಾಸ್ತಿ.

ದೊಡ್ಡಮ್ಮನ ಮಗನಿಗೂ ಇದನ್ನೇ ಹೇಳಿದೆ. "ಗುಡ್ಡೆ ಸುಮ್ಮನೆ ಬಿದ್ದಿಲ್ಲ ಅಣ್ಣ, ಅಲ್ಲಿ ಆಗಲೇ ಬಾಡಿಗೆದಾರರಿದ್ದಾರೆ. ಬಾಡಿಗೆ ವಸೂಲಿ ಆಗ್ಲಿಲ್ಲ, ಅಷ್ಟೇ."